ಸಿನಾಳಿಗೆ ಕೊಟ್ಟ ಮಾತು

ಸಿನಾ ಲಿಯೋಟಾಳ ತಂದೆ ತೀರಿಕೊಂಡ ಸುದ್ದಿ ಬಂದಾಗ ಹುಡುಗಿಯರಿಬ್ಬರೂ ಎರ್ನಾಕುಳಂನ ಬಾಡಿಗೆ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅಂದು ಸೋಮವಾರ. ವಾರದಲ್ಲಿ ಅವರಿಗೆ ಸ್ವಂತಕ್ಕೆಂದು ಸಿಗುವ ದಿನ ಅದೊಂದೇ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಊರಿಗೆ ಫೋನ್ ಮಾಡುವುದು ಎಲ್ಲ ಅಂದೇ ಆಗಬೇಕು. ಬೆಂಗಳೂರಿನಿಂದ ಮಿಷನ್ ಅಧ್ಯಕ್ಷರೇ ಕರೆ ಮಾಡಿದ್ದರು. ಸಿನಾ "ಯೆಸ್ ಪ್ರೆಸಿಡೆಂಟ್, ಯೆಸ್ ಪ್ರೆಸಿಡೆಂಟ್" ಎನ್ನುತ್ತ ಕೇಳಿಸಿಕೊಂಡಳು. ಫೋನ್ ಇಟ್ಟು, ಬಕೆಟ್ಟಿನಲ್ಲಿ ಉಳಿದಿದ್ದ ಲಂಗವನ್ನು ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ, "ನಮ್ಮಪ್ಪ ಹೋಗಿಬಿಟ್ಟರಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಒದ್ದೆ ನೆಲದ ಮೇಲೆಯೇ ಕೂತಳು.

ಜೀವಿತಾ ಸೋನ್ಸ್ ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಕೆಳಗಿಟ್ಟು ಬಂದಳು. ಪಕ್ಕದಲ್ಲಿ ಕೂತು ಅವಳ ಭುಜ ಹಿಡಿದುಕೊಂಡಳು.

ಇಬ್ಬರೂ ಅಮೆರಿಕ ಮೂಲದ ಮಾರ್ಮನ್ ಕ್ರೈಸ್ತ ಸಭೆಯ ಮಿಷನರಿಗಳು. ಎದೆಯ ಮೇಲೆ ಹೆಸರಿನ ಕಪ್ಪು ಬ್ಯಾಡ್ಜು, ಮೊಣಕಾಲಿನ ಕೆಳಗಿಳಿಯುವ ಲಂಗ, ಬೆನ್ನಿಗೆ ಚೀಲ. ಹುಡುಗಿಯರಾದರೆ ಒಂದೂವರೆ ವರ್ಷದ ಸೇವೆ, ಸಂಬಳವಿಲ್ಲ. ಎಲ್ಲಿ ಹೋದರೂ ಜೋಡಿಯಾಗಿಯೇ ಹೋಗಬೇಕು. ಸಿನಾ ಪೆಸಿಫಿಕ್ ಸಮುದ್ರದ ನಡುವಿನ ಸಮೋವಾ ದ್ವೀಪದವಳು, ಇಪ್ಪತ್ತು ವರ್ಷ. ಎತ್ತರದ, ಅಗಲ ಭುಜದ, ನಕ್ಕರೆ ಪಕ್ಕದ ಮನೆಗೂ ಕೇಳಿಸುವ ಹುಡುಗಿ. ಜೀವಿತಾ ಅವಳಿಗಿಂತ ಎರಡು ವರ್ಷ ದೊಡ್ಡವಳು. ಮಂಗಳೂರಿನ ಬಲ್ಮಠದಲ್ಲಿ ಹುಟ್ಟಿ ಬೆಳೆದವಳು. ತಾಯಿ ನರ್ಸ್ ಕೆಲಸಕ್ಕೆ ಬೆಂಗಳೂರಿಗೆ ಬಂದ ಮೇಲೆ ಈ ಸಭೆ ಸೇರಿದ್ದರು, ಮಗಳೂ ಅವರ ಹಿಂದೆ ಬಂದಳು.

ಎರ್ನಾಕುಳಂನಲ್ಲಿ ಇವರನ್ನು ಕಂಡವರು ಮೊದಲು ಕೇಳುತ್ತಿದ್ದದ್ದು "ಸಿಸ್ಟರೇ, ಯಾವ ಮಠ?" ಎಂದು. ಮಲಯಾಳಿಗಳಿಗೆ ಕನ್ಯಾಸ್ತ್ರೀಯರ ಕಾನ್ವೆಂಟೂ ಮಠವೇ. ನಾವು ಮಠದವರಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಎದುರಿನವರು, "ಎರಡು ಸಾವಿರ ವರ್ಷದ ಕ್ರಿಸ್ತಾನರು ನಾವು, ನಮಗೆ ಹೊಸದಾಗಿ ಏನು ಹೇಳುತ್ತೀರಿ?" ಎಂದು ನಗುತ್ತಿದ್ದರು. ಸಿನಾ ಅವರಿಗಿಂತ ಜೋರಾಗಿ ನಗುತ್ತಿದ್ದಳು. ಅವಳಿಗೆ ಈ ಊರು ಬಂದ ದಿನದಿಂದಲೇ ಹಿಡಿಸಿತ್ತು. ತೆಂಗು, ಮೀನು, ಗೆಣಸು, ಕೆಸು, ಮಳೆ, ಮನೆಯ ಹಿಂದೆಯೇ ನೀರು. "ದೇವರು ನನ್ನನ್ನು ನನ್ನೂರಿಗೇ ಕಳಿಸಿದ್ದಾನೆ. ಭಾಷೆ ಮಾತ್ರ ಬದಲಾಯಿಸಿದ್ದಾನೆ" ಎನ್ನುತ್ತಿದ್ದಳು.

ಹೋಗುವುದಾದರೆ ಈಗಲೇ ಟಿಕೆಟ್ ಮಾಡಿಸುತ್ತೇನೆ, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಅಧ್ಯಕ್ಷರು ಅವಳಿಗೆ ಸ್ಪಷ್ಟವಾಗಿ ಹೇಳಿದ್ದರು. ಆದರೆ ಅಂದೇ ಸಂಜೆ ಸಿನಾಳ ತಾಯಿ ಫೋನಿನಲ್ಲಿ ಅತ್ತು ಹೇಳಿದ್ದು ಬೇರೆ. "ಮಗಳು ಇಂಡಿಯಾದಲ್ಲಿ ದೇವರ ಕೆಲಸದಲ್ಲಿದ್ದಾಳೆ ಅಂತ ನಿಮ್ಮಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನೀನು ಅರ್ಧಕ್ಕೆ ಬಂದರೆ ಅವರಿಗೆ ಸಮಾಧಾನ ಇರುವುದಿಲ್ಲ. ಮುಗಿಸಿಕೊಂಡು ಬಾ." ಸಿನಾ ಒಪ್ಪಿದಳು.

ಮಣ್ಣು ಮಾಡುವುದನ್ನು ಫೋನಿನಲ್ಲಿಯೇ ನೋಡಿದ್ದಾಯಿತು. ಅಲ್ಲಿ ಮಧ್ಯಾಹ್ನವಾದರೆ ಇಲ್ಲಿ ಬೆಳಗು. ಮನೆಯೊಡತಿ ಗ್ರೇಸಿ ಚೇಚಿ ತಮ್ಮ ಮನೆಯ ವೈಫೈ ಚೆನ್ನಾಗಿದೆ ಎಂದು ಇಬ್ಬರನ್ನೂ ಕೆಳಗೆ ಕರೆದು, ಯೇಸುವಿನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ತಾವೂ ಕೂತರು. ಪುಟ್ಟ ಪರದೆಯಲ್ಲಿ ಬಿಳಿ ಬಟ್ಟೆಯ ಜನ ಹಾಡುತ್ತಿದ್ದರು. ಆ ಹಾಡುಗಾರರ ಗುಂಪನ್ನು ಅಲ್ಲಿಯವರೆಗೆ ನಡೆಸುತ್ತಿದ್ದವರು ಸಿನಾಳ ತಂದೆಯೇ. ನಡುವೆ ಚಿತ್ರ ನಿಂತುಹೋಯಿತು, ಮತ್ತೆ ಬರುವಾಗ ಗುಂಡಿಗೆ ಮಣ್ಣು ಬಿದ್ದಾಗಿತ್ತು.

ಹೊರಗೆ ಬಂದಾಗ ಗ್ರೇಸಿ ಚೇಚಿ ಜೀವಿತಾಳ ಕೈ ಹಿಡಿದು ನಿಲ್ಲಿಸಿದರು. "ಅಪ್ಪ ಸತ್ತಾಗಲೂ ಬಿಡದ ಮಠ ಯಾವುದು ಮೋಳೆ?"

"ಬಿಡುತ್ತಾರೆ ಚೇಚಿ. ಅವಳೇ ಹೋಗುವುದಿಲ್ಲ ಅಂದಳು."

"ಅವಳು ಅಂದಳು, ನೀವು ಕೇಳಿದಿರಿ! ಈ ಹೊತ್ತಿನಲ್ಲಿ ಆ ಹುಡುಗಿಗೆ ತನ್ನ ಬಾಯಿಂದ ಏನು ಬರುತ್ತದೆ ಅಂತ ಗೊತ್ತಿರುತ್ತದಾ?"

ಮೊದಮೊದಲು ಸಿನಾ ದುಪ್ಪಟ್ಟು ಕೆಲಸ ಮಾಡಿದಳು. ಬೆಳಿಗ್ಗೆ ಜೀವಿತಾಳಿಗಿಂತ ಮುಂಚೆ ಎದ್ದು ಗ್ರಂಥ ತೆರೆದು ಕೂತಿರುತ್ತಿದ್ದಳು. ಇನ್ನಿಬ್ಬರನ್ನು ನೋಡೋಣ, ಇನ್ನೊಂದು ಮನೆಗೆ ಹೋಗೋಣ ಎಂದು ಎಳೆದುಕೊಂಡು ಹೋಗುತ್ತಿದ್ದಳು. ಹತ್ತಿರದ ಏಲೂರಿನಲ್ಲಿ ಸಭೆಯ ಒಂದು ಕುಟುಂಬವಿತ್ತು. ಯಜಮಾನರು ಅಲ್ಲಿನ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಅವರ ಮನೆಗೆ ಹೋದ ದಿನ ಊಟದ ಮುಂಚೆ ಪ್ರಾರ್ಥನೆ ಮಾಡಲು ಸಿನಾಳಿಗೆ ಹೇಳಿದರು. ಅವಳು ಕಣ್ಣು ಮುಚ್ಚಿ, "ಪರಲೋಕದ ನಮ್ಮ ತಂದೆಯೇ" ಎಂದಳು. ಮುಂದಿನ ಮಾತು ಬರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಕಾದರು. ಕುಕ್ಕರಿನ ಸದ್ದು, ಹೊರಗೆ ಟ್ಯಾಂಕರ್ ಲಾರಿಗಳ ಸದ್ದು. ಕೊನೆಗೆ ಜೀವಿತಾಳೇ ಪ್ರಾರ್ಥನೆ ಮುಗಿಸಬೇಕಾಯಿತು. ಮನೆಯವರು ಪಾಪ ಎಂದುಕೊಂಡು ಸುಮ್ಮನಾದರು.

ಹಿಂದಿರುಗುವಾಗ ಬಸ್ಸಿನಲ್ಲಿ ಸಿನಾ ಕಿಟಕಿಯ ಕಡೆ ತಿರುಗಿಯೇ ಹೇಳಿದಳು. "ಬಾಯಿಗೆ ಆ ಶಬ್ದ ಬಂದರೆ ನನಗೆ ಅಪ್ಪನ ಮುಖವೇ ಕಾಣುತ್ತದೆ. ಆಮೇಲೆ ಏನೂ ಕಾಣುವುದಿಲ್ಲ. ನಾನು ನಿದ್ದೆ ಮಾಡದೆ ತುಂಬ ದಿನವಾಯಿತು."

"ಅಧ್ಯಕ್ಷರಿಗೆ ಹೇಳೋಣ ಸಿನಾ."

ಅವಳು ಥಟ್ಟನೆ ತಿರುಗಿದಳು. "ಬೇಡ. ಹೇಳಿದರೆ ಮನೆಗೆ ಕಳಿಸುತ್ತಾರೆ. ನಮ್ಮಲ್ಲಿ ಸತ್ತವರನ್ನು ಮನೆಯ ಮುಂದೆಯೇ ಹೂಳುವುದು. ಅಪ್ಪ ಅಂಗಳದಲ್ಲಿದ್ದಾರೆ. ಕೆಲಸ ಮುಗಿಸದೆ ನಾನು ಅವರನ್ನು ದಾಟಿ ಹೇಗೆ ಒಳಗೆ ಹೋಗಲಿ? ಮಾತು ಕೊಡು. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡು."

ಜೀವಿತಾ ಮಾತು ಕೊಟ್ಟಳು. ಆ ಹೊತ್ತಿಗೆ ಅವಳಿಗೆ ಅದೇ ಸ್ನೇಹ ಅನಿಸಿತು. ಅಧ್ಯಕ್ಷರ ಹೆಂಡತಿ ವಾರಕ್ಕೊಮ್ಮೆ ಫೋನ್ ಮಾಡಿ ಸಿನಾಳ ಬಗ್ಗೆ ಬಿಡದೆ ವಿಚಾರಿಸುತ್ತಿದ್ದರು. ಜೀವಿತಾ ಪ್ರತಿ ಸಲವೂ "ಪರವಾಗಿಲ್ಲ ಮೇಡಂ, ಸುಧಾರಿಸುತ್ತಿದ್ದಾಳೆ" ಎಂದಳು. ಸಿನಾಳೂ ಫೋನಿನಲ್ಲಿ ನಗುನಗುತ್ತ ಮಾತನಾಡುತ್ತಿದ್ದಳು.

ಅಷ್ಟರಲ್ಲಿ ಇಬ್ಬರಿಗೂ ಒಟ್ಟಿಗೇ ತಿರುವನಂತಪುರಕ್ಕೆ ವರ್ಗವಾಯಿತು. ಹೊಸ ಜಾಗದಲ್ಲಿ ಅವಳಿಗೆ ಹಗುರವಾದೀತೆಂದು ಜೀವಿತಾ ಆಸೆಪಟ್ಟಳು. ಆದದ್ದು ಬೇರೆ. ಇಲ್ಲಿ ಸಭೆಯೆಂದರೆ ಬಾಡಿಗೆಯ ಒಂದು ಹಾಲ್, ಬೆರಳೆಣಿಕೆಯ ಜನ. ಕೇಳದವರಿಗೆ ಬೋಧಿಸಬಾರದು, ರಸ್ತೆಯಲ್ಲಿ ಪುಸ್ತಕ ಹಂಚಬಾರದು ಎಂದು ಅವರಿಗೆ ಸೂಚನೆಯಿತ್ತು. ಸಭೆಯವರ ಮನೆಗಳಿಗೆ ಹೋಗುವುದು, ಸಂಜೆ ಕೆಲವರಿಗೆ ಇಂಗ್ಲಿಷ್ ಕಲಿಸುವುದು ಬಿಟ್ಟರೆ ಹಗಲು ಉದ್ದಕ್ಕೆ ಬಿದ್ದಿರುತ್ತಿತ್ತು. ಕೊಡೆ ಹಿಡಿದು ನಡೆಯುತ್ತಿದ್ದರು. ಮೊದಲು ಹಾಲ್ ತುಂಬುವಂತೆ ಹಾಡುತ್ತಿದ್ದ ಸಿನಾ ಈಗ ಕೀರ್ತನೆ ಹಾಡುವಾಗ ತುಟಿ ಮಾತ್ರ ಆಡಿಸುತ್ತಿದ್ದಳು. ತಿಂಗಳಿಗೊಮ್ಮೆ ಮಾಡುವ ಉಪವಾಸ ಅವಳಿಗೆ ವಾರಕ್ಕೆರಡು ಸಲವಾಯಿತು. ಕೇಳಿದರೆ "ಅಪ್ಪನಿಗಾಗಿ" ಎನ್ನುವಳು. ಉಳಿದ ದಿನವೂ ತಟ್ಟೆಯ ಅನ್ನವನ್ನು ಬೆರಳಿನಿಂದ ಆಚೆ ಈಚೆ ಮಾಡಿ ಎದ್ದುಬಿಡುವಳು. ಲಂಗಗಳು ಸೊಂಟದಲ್ಲಿ ನಿಲ್ಲದೆ ಸೇಫ್ಟಿ ಪಿನ್ ಹಾಕಿಕೊಂಡಳು.

"ಪ್ರಾರ್ಥನೆ ಮಾಡೋಣ, ಸರಿಹೋಗುತ್ತದೆ" ಎಂದು ಜೀವಿತಾ ಹೇಳುತ್ತಲೇ ಇದ್ದಳು. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಬೇಸರ ತರಿಸತೊಡಗಿತು.

ಒಂದು ಸೋಮವಾರ ತಂಪಾನೂರಿನ ಬಸ್ ನಿಲ್ದಾಣದಲ್ಲಿ ಜೀವಿತಾ ಸಿನಾಳ ಪಕ್ಕ ನಿಂತು ಅಮ್ಮನೊಡನೆ ಫೋನಿನಲ್ಲಿ ಮಾತನಾಡುತ್ತಿದ್ದಳು. "ಇಲ್ಲಿ ಸೆಕೆ ಎಂತ ಸೆಕೆ ಅಮ್ಮ, ಮಳೆ ಬಂದ್ರೂ ಹೋಗುದಿಲ್ಲ..." ಮುಂದೆ ನಿಂತಿದ್ದ, ಆಫೀಸಿನ ಚೀಲ ಹಿಡಿದ ಹೆಂಗಸು ತಿರುಗಿ ನೋಡಿದರು. ಮಾತು ಮುಗಿಯುವ ತನಕ ಕಾದು, "ಯಾವ ಊರು ಮಗಾ? ಮಂಗ್ಳೂರಾ?" ಎಂದರು.

ಅವರು ವಿನೋದಾ. ಕಾಸರಗೋಡಿನ ಬದಿಯಡ್ಕದವರು, ಸೆಕ್ರೆಟೇರಿಯಟ್ಟಿನ ಕಾನೂನು ವಿಭಾಗದಲ್ಲಿ ಕೆಲಸ. ಗಂಡ ಎರ್ನಾಕುಳಂನಲ್ಲಿ ವಕೀಲರು, ವಾರಕ್ಕೊಮ್ಮೆ ಬಂದು ಹೋಗುವವರು. ಮಗಳು ನವ್ಯಾ ಕಾಲೇಜಿಗೆ ಹೋಗುತ್ತಿದ್ದಳು. "ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುದು, ಅವಳು ಮಲಯಾಳದಲ್ಲಿ ಹೇಳುದು. ಗೋಡೆಗೆ ಮಾತಾಡಿದ ಹಾಗೆ" ಎಂದು ನಕ್ಕರು. ಜೀವಿತಾಳ ಬ್ಯಾಡ್ಜು ಓದಿದರು. "ನೋಡು, ಧರ್ಮದ ವಿಷಯ ನಂಗೆ ಬೇಡ, ಈಗಲೇ ಹೇಳಿದ್ದೇನೆ. ಇಬ್ಬರೂ ಊಟಕ್ಕೆ ಬನ್ನಿ. ಈ ಶನಿವಾರ ನಂಗೆ ರಜೆ."

ಆ ಶನಿವಾರ ಇಬ್ಬರೂ ಹೋದರು. ಸರ್ಕಾರಿ ಕ್ವಾರ್ಟರ್ಸಿನ ಮೊದಲ ಮಹಡಿಯ ಮನೆ. ವಿನೋದಾ ಚಹಾ ತಂದರು, ನಾವು ಚಹಾ ಕಾಫಿ ಕುಡಿಯುವುದಿಲ್ಲವೆಂದು ಜೀವಿತಾ ಸಂಕೋಚದಿಂದ ಹೇಳಿದಳು.

"ಚಾ ಬೇಡ ಅನ್ನುವ ದೇವರಾ? ಇದೆಂತ ಕಷ್ಟ ಮಾರಾಯ್ತಿ! ಮಜ್ಜಿಗೆ ಆಗ್ತದಲ್ಲ?"

ಅಡುಗೆಮನೆಯ ಮೂಲೆಯಲ್ಲಿ ಜೀಗುಜ್ಜೆಯ, ಅಂದರೆ ದೀವಿ ಹಲಸಿನ, ಎರಡು ಕಾಯಿಗಳಿದ್ದವು. ಅವನ್ನು ಕಂಡು ಸಿನಾ ಬಾಗಿಲಲ್ಲೇ ನಿಂತಳು. ಇದು ನಮ್ಮೂರಿನ ಉಲು, ಇದೇ ನಮ್ಮ ಅನ್ನ ಎಂದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಒಂದು ಬಗೆಯ ಗೆಲುವು ಕಂಡಿತು. ನಿಮ್ಮಲ್ಲಿ ಹೇಗೆ ಮಾಡುತ್ತೀರಿ ಎಂದು ವಿನೋದಾ ಇಂಗ್ಲಿಷಿನಲ್ಲಿ ಕೇಳಿದರು. ಇಡೀ ಕಾಯನ್ನು ಬೆಂಕಿಯಲ್ಲಿ ಸುಡುತ್ತೇವೆ, ಸಿಪ್ಪೆ ಕರಕಲಾದ ಮೇಲೆ ಅಪ್ಪ ಅದನ್ನು ಬಿಸಿಬಿಸಿಯಾಗಿಯೇ ಹೆರೆದು ತೆಗೆಯುತ್ತಿದ್ದರು ಎಂದಳು ಸಿನಾ.

"ಅದಕ್ಕೇನಂತೆ" ಎಂದು ವಿನೋದಾ ಒಂದು ಕಾಯನ್ನು ಗ್ಯಾಸಿನ ಉರಿಯ ಮೇಲೆಯೇ ಇಟ್ಟರು. ಸುಟ್ಟ ವಾಸನೆ ಮನೆಯೆಲ್ಲ ಹಬ್ಬಿತು. ಸಿನಾ ಮೂರ್ನಾಲ್ಕು ತುಂಡು ತಿಂದಳು. ಜೀವಿತಾಳಿಗೆ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಸಿನಾ ಕೈ ತೊಳೆದು ಮುಂದಿನ ಕೋಣೆಗೆ ಹೋದಳು. ಜೀವಿತಾ ಅಡುಗೆಮನೆಯಲ್ಲಿಯೇ ಉಳಿದಳು. ಇನ್ನೊಂದು ಕಾಯಿಯನ್ನು ಕಡಲೆಹಿಟ್ಟಿನಲ್ಲಿ ಕರಿಯುವ ಪೋಡಿಗೆ ಹೆಚ್ಚಿಕೊಡುತ್ತ ಮಾತಿಗೆ ಬಿದ್ದಳು. ಊರಿನ ಮೀನು ಪೇಟೆ, ಬಲ್ಮಠದ ಶಾಲೆ, ಬದಿಯಡ್ಕದ ಬಸ್ಸು. ತಿಂಗಳುಗಟ್ಟಲೆ ತಡವರಿಸುವ ಮಲಯಾಳ ಮತ್ತು ಅಳೆದು ತೂಗಿದ ಇಂಗ್ಲಿಷಿನಲ್ಲಿ ಬದುಕಿದ್ದ ಅವಳಿಗೆ ತನ್ನ ಮಾತು ಇಷ್ಟು ಸುಲಭವಾಗಿ ಬರುತ್ತದೆಂಬುದೇ ಮರೆತಂತಾಗಿತ್ತು. ಜೊತೆಗಾರ್ತಿಯನ್ನು ಕಣ್ಣಳತೆಯಿಂದ ಬಿಡಬಾರದೆಂಬ ನಿಯಮವೂ ಆ ಹೊತ್ತಿನಲ್ಲಿ ಮರೆತುಹೋಯಿತು.

ಪೋಡಿಯ ತಟ್ಟೆ ಹಿಡಿದು ಹೊರಗೆ ಬಂದಾಗ ಸೋಫಾದಲ್ಲಿ ನವ್ಯಾ ಒಬ್ಬಳೇ ಇದ್ದಳು.

"ಸಿಸ್ಟರ್ ಎಲ್ಲಿ?"

ನವ್ಯಾ ಮೊಬೈಲಿನಿಂದ ತಲೆಯೆತ್ತಿದಳು. "ಆ ಚೇಚಿ ಪುರತ್ತೇಕ್ಕ್ ಪೋಯಲ್ಲೋ. ಕುರೇ ನೇರಮಾಯಿ."

ಹೊರಗೆ ಹೋಗಿ ತುಂಬ ಹೊತ್ತಾಗಿತ್ತು. ಚೀಲ ಅಲ್ಲಿಯೇ ಇತ್ತು. ಫೋನೂ ಅಲ್ಲಿಯೇ ಇತ್ತು.

ಜೀವಿತಾ ಮೆಟ್ಟಿಲಿಳಿದು ಗೇಟಿನ ತನಕ ಓಡಿದಳು. ರಸ್ತೆಯಲ್ಲಿ ಅವಳಿಲ್ಲ. ವಿನೋದಾ ಅಷ್ಟರಲ್ಲಿ ಸ್ಕೂಟರಿನ ಕೀಲಿ ಹಿಡಿದು ಬಂದಿದ್ದರು. "ಅಂಥದ್ದೇನಾದ್ರೂ ಮಾಡಿಕೊಳ್ಳುವ ಹುಡುಗಿಯಾ ಅವಳು? ನಿಜ ಹೇಳು" ಎಂದು ಕೇಳಿದರು. ಜೀವಿತಾ "ಗೊತ್ತಿಲ್ಲ ಅಕ್ಕ" ಎಂದಳು. ಗೊತ್ತಿಲ್ಲ ಎಂದರೆ ಇಲ್ಲ ಎಂದಲ್ಲವಲ್ಲ.

ತಂಪಾನೂರಿಗೆ ಹೋದರು. ಬಸ್ ನಿಲ್ದಾಣದ ಬೆಂಚುಗಳು, ರೈಲು ನಿಲ್ದಾಣದ ಟಿಕೆಟ್ ಸಾಲು, ಲಾಡ್ಜುಗಳ ಬೀದಿ ಎಲ್ಲ ನೋಡಿದರು. ಅಷ್ಟು ಎತ್ತರದ ಹುಡುಗಿ ಜನರ ನಡುವೆ ಇದ್ದರೆ ಕಾಣದೆ ಇರುವುದಿಲ್ಲ. ಕೊನೆಗೆ ಆಟೋ ಸ್ಟ್ಯಾಂಡಿನಲ್ಲಿ ವಿನೋದಾ ಒಬ್ಬೊಬ್ಬರನ್ನೇ ವಿಚಾರಿಸಿದಾಗ, ಅಂಥ ಒಬ್ಬ ವಿದೇಶಿ ಹುಡುಗಿ ಕಡಲು ಎಂದು ಕೈಸನ್ನೆ ಮಾಡಿ ತೋರಿಸಿದಳು, ತನ್ನ ಸಂಗಡಿಗನೊಬ್ಬ ಅವಳನ್ನು ಶಂಖುಮುಖದ ಕಡಲತೀರಕ್ಕೆ ಕರೆದೊಯ್ದ ಎಂದು ಒಬ್ಬ ಚಾಲಕ ಹೇಳಿದ.

ಕಡಲ ದಾರಿಯುದ್ದಕ್ಕೂ ಜೀವಿತಾ ಸ್ಕೂಟರಿನ ಹಿಂದೆ ಕೂತು ಪ್ರಾರ್ಥಿಸಲು ನೋಡಿದಳು. ಬಾಯಿಗೆ ಬಂದದ್ದು "ಬೇಗ ಅಕ್ಕ, ಬೇಗ" ಎಂಬುದೊಂದೇ.

ಮಳೆಗಾಲದ ಸಮುದ್ರ ದಡವನ್ನು ಕೊರೆದು ರಸ್ತೆಯ ಅಂಚಿಗೆ ಬಂದಿತ್ತು. ಕಲ್ಲು ಸುರಿದ ಕಡೆ ಸಣ್ಣದೊಂದು ಗುಂಪು ನೆರೆದಿತ್ತು. ನಡುವೆ ಸಿನಾ ಕೂತಿದ್ದಳು. ತಲೆಯಿಂದ ಕಾಲಿನ ತನಕ ಒದ್ದೆ, ಒಂದು ಕಾಲಿನಲ್ಲಿ ಚಪ್ಪಲಿಯಿಲ್ಲ, ಮೊಣಕೈ ತರಚಿ ರಕ್ತ. ಇಬ್ಬರು ಮೀನುಗಾರ ಹೆಂಗಸರು ಅವಳ ಒಂದೊಂದು ಕೈಯನ್ನು ಬಿಗಿಯಾಗಿ ಹಿಡಿದು ಮಲಯಾಳದಲ್ಲಿ ಬೈಯುತ್ತಿದ್ದರು. ಬೈಯುತ್ತಲೇ ಒಬ್ಬಳು ತನ್ನ ತೋರ್ತಿನಿಂದ ಅವಳ ತಲೆ ಒರೆಸುತ್ತಿದ್ದಳು. ಎದೆಮಟ್ಟದ ನೀರಿಗೆ ಹೋಗಿದ್ದಳಂತೆ. ಹಗ್ಗ ಬೀಸಿ ಗಂಡಸರು ಎಳೆದು ತಂದರಂತೆ.

ಜೀವಿತಾ ಮುಂದೆ ಮಂಡಿಯೂರಿದಳು. ಸಿನಾ ಅವಳನ್ನು ನೋಡಿ, ಶಾಂತವಾಗಿಯೇ ಹೇಳಿದಳು. "ನಾನು ಸಾಯಲು ಹೋಗಿರಲಿಲ್ಲ. ನೀರಿಗೆ ಇಳಿಯಬೇಕು ಅನಿಸಿತು, ಇಳಿದೆ. ಆಮೇಲೆ ಹಿಂದೆ ಬರುವ ಮನಸ್ಸಾಗಲಿಲ್ಲ. ಅಷ್ಟೆ."

ಕ್ವಾರ್ಟರ್ಸಿಗೆ ಕರೆತಂದು ವಿನೋದಾ ಅವಳಿಗೆ ತಮ್ಮ ನೈಟಿಯೊಂದನ್ನು ತೊಡಿಸಿ, ಗಾಯ ತೊಳೆದು, ಹಾಸಿಗೆಯಲ್ಲಿ ಮಲಗಿಸಿದರು. ನವ್ಯಾ ಗಾಬರಿಯಿಂದ ಬಿಸಿನೀರು, ಹೊದಿಕೆ ಎಂದು ಓಡಾಡಿದಳು. ವಿನೋದಾ ಜೀವಿತಾಳನ್ನು ಬಾಲ್ಕನಿಗೆ ಕರೆದರು.

"ನಿಮ್ಮ ದೊಡ್ಡವರಿಗೆ ಇದೆಲ್ಲ ಗೊತ್ತುಂಟಾ?"

"ಇಲ್ಲ. ಹೇಳುದಿಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ ಅಕ್ಕ."

"ನೀನು ಫೋನ್ ಮಾಡ್ತೀಯಾ, ನಾನು ಮಾಡ್ಬೇಕಾ?"

"ನಾನೇ ಮಾಡ್ತೇನೆ."

ಅವಳು ಬಾಲ್ಕನಿಯಿಂದ ಮಾಡಲಿಲ್ಲ. ಒಳಗೆ ಹೋಗಿ ಹಾಸಿಗೆಯ ತುದಿಯಲ್ಲಿ ಕೂತಳು. "ಸಿನಾ, ನಾನು ಈಗ ಅಧ್ಯಕ್ಷರಿಗೆ ಎಲ್ಲ ಹೇಳುತ್ತೇನೆ. ನಿನ್ನ ಎದುರಿಗೇ ಹೇಳುತ್ತೇನೆ."

ಸಿನಾ ಎದ್ದು ಕೂತಳು. "ಮಾತು ಕೊಟ್ಟಿದ್ದೀಯ."

"ಕೊಟ್ಟಿದ್ದೆ. ಮುರಿಯುತ್ತಿದ್ದೇನೆ."

"ನನ್ನಮ್ಮ ಊರಿನವರಿಗೆ ಏನು ಹೇಳಬೇಕು? ನಿನಗೇನು, ನೀನು ಮುಗಿಸಿ ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತೀಯ!" ಅವಳು ಫೋನಿಗೆ ಕೈ ಹಾಕಿದಳು. ಅಷ್ಟು ಬಲದ ಹುಡುಗಿಯ ಕೈಯಲ್ಲಿ ಈಗ ಬಲವಿರಲಿಲ್ಲ. ಜೀವಿತಾ ಸುಲಭವಾಗಿ ಬಿಡಿಸಿಕೊಂಡಳು. ಹಾಗೆ ಬಿಡಿಸಿಕೊಂಡದ್ದೇ ಅವಳಿಗೆ ಎಲ್ಲಕ್ಕಿಂತ ನೋವಾಯಿತು.

ಅಧ್ಯಕ್ಷರು ನಡುವೆ ಬಾಯಿ ಹಾಕದೆ ಕೇಳಿದರು. "ಯಾವಾಗಿನಿಂದ ಹೀಗಿದ್ದಾಳೆ?" ಎಂದಷ್ಟೇ ಪ್ರಶ್ನೆ. "ಎರ್ನಾಕುಳಂನಿಂದ" ಎಂದಳು ಜೀವಿತಾ. ಅಧ್ಯಕ್ಷರು, "ಹೇಳಿದ್ದು ಒಳ್ಳೆಯದಾಯಿತು. ಅವಳನ್ನು ಒಂಟಿಯಾಗಿ ಬಿಡಬೇಡ" ಎಂದರು. ಅವರ ಹೆಂಡತಿ ಮರುದಿನದ ವಿಮಾನಕ್ಕೆ ಬಂದರು. ಸಿನಾಳನ್ನು ಮಗುವಿನಂತೆ ತಬ್ಬಿಕೊಂಡರು, ಡಾಕ್ಟರ ಬಳಿ ಕರೆದೊಯ್ದರು. ಇದು ಕಾಯಿಲೆ, ಮನೆಯವರ ನಡುವೆ ಇದ್ದು ಚಿಕಿತ್ಸೆ ಮಾಡಿಸಬೇಕು ಎಂದರು ಡಾಕ್ಟರು. ಅಧ್ಯಕ್ಷರು ಸಮೋವಾಕ್ಕೆ ಅವಳೊಡನೆ ಹೋಗಲು ಒಬ್ಬರನ್ನು ಗೊತ್ತುಮಾಡಿದರು.

ಆ ನಡುವಿನ ದಿನಗಳಲ್ಲಿ ಸಿನಾ ಜೀವಿತಾಳೊಡನೆ ಒಂದು ಮಾತೂ ಆಡಲಿಲ್ಲ. ಒಂದೇ ಕೋಣೆ, ಒಂದೇ ಬಕೆಟ್ಟು, ಒಂದೇ ಊಟದ ಮೇಜು. ಜೀವಿತಾ ಅವಳ ಬಟ್ಟೆ ಮಡಚಿ ಪೆಟ್ಟಿಗೆಗೆ ಇಟ್ಟಳು. ಸಿನಾ ಅವನ್ನು ಹೊರತೆಗೆದು ತಾನೇ ಮತ್ತೆ ಮಡಚಿ ಇಟ್ಟಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ಜೀವಿತಾ ಕೈ ಚಾಚಿದಳು. ಸಿನಾ ನೋಡದೆ ಒಳಗೆ ಹೋದಳು. ಗಾಜಿನಾಚೆ ಅವಳ ತಲೆ ಎಲ್ಲರಿಗಿಂತ ಮೇಲೆ ಬಹಳ ದೂರದ ತನಕ ಕಾಣುತ್ತಿತ್ತು.

ಅಂದು ಸಂಜೆ ಜೀವಿತಾ ಅಮ್ಮನಿಗೆ ಫೋನ್ ಮಾಡಿದಳು. ಸೋಮವಾರವಾಗಿರಲಿಲ್ಲ, ಅಧ್ಯಕ್ಷರ ಹೆಂಡತಿಯೇ ಮಾಡೆಂದಿದ್ದರು.

"ನಾನು ಮೊದಲೇ ಹೇಳ್ಬೇಕಿತ್ತಾ ಅಮ್ಮ, ಇಲ್ಲ ಹೇಳ್ಲೇಬಾರ್ದಿತ್ತಾ?"

ತಾಯಿ ಆಸ್ಪತ್ರೆಯ ಡ್ಯೂಟಿಯಲ್ಲಿದ್ದರು. ಹಿಂದಿನಿಂದ ಯಾರೋ ಕರೆಯುವುದು ಕೇಳಿಸುತ್ತಿತ್ತು. "ಮೊದಲೇ ಹೇಳ್ಬೇಕಿತ್ತು" ಎಂದರು. "ಈಗಾದ್ರೂ ಹೇಳಿದಿ. ಹುಡುಗಿ ಬದುಕಿದ್ದಾಳೆ. ಸಿಟ್ಟು ಮಾಡಿಕೊಳ್ಳುವುದು ಬದುಕಿದವರಿಗೆ ಮಾತ್ರ ಆಗುವುದು ಮಗಾ."

ಆ ಮಾತಿನಿಂದ ಸಮಾಧಾನವಾಯಿತೆಂದು ಹೇಳಲಾಗದು. ವಿಶಾಖಪಟ್ಟಣದ ಹುಡುಗಿಯೊಬ್ಬಳು ಹೊಸ ಜೊತೆಗಾರ್ತಿಯಾಗಿ ಬಂದಳು. ಬೆಳಗಿನ ಓದು, ಬಿಸಿಲಿನ ನಡಿಗೆ, ಇಂಗ್ಲಿಷ್ ತರಗತಿ ಮತ್ತೆ ನಡೆದವು. ಸಭೆಯ ಒಬ್ಬ ಮುದುಕಿ ಮಗನನ್ನು ಕಳೆದುಕೊಂಡು ಅಳುತ್ತಿದ್ದಾಗ, ಸರಿಹೋಗುತ್ತದೆ ಎಂಬ ಮಾತು ಜೀವಿತಾಳ ಗಂಟಲಿನ ತನಕ ಬಂದು ನಿಂತಿತು. ಅವಳು ಅದನ್ನು ಆಡಲಿಲ್ಲ. ಮುದುಕಿ ರಾತ್ರಿ ನಿದ್ದೆ ಮಾಡುತ್ತಾಳೆಯೇ, ಊಟ ಮಾಡಿದಳೇ ಎಂದು ಸೊಸೆಯನ್ನು ವಿಚಾರಿಸಿದಳು. ಡಾಕ್ಟರಿಗೆ ತೋರಿಸಿ ಎಂದಳು. ಹೊಸ ಜೊತೆಗಾರ್ತಿ ಅಚ್ಚರಿಯಿಂದ ನೋಡಿದಳು.

ಸಿನಾಳಿಗೆ ವಾರವಾರವೂ ಒಂದು ಸಂದೇಶ ಕಳಿಸುತ್ತಿದ್ದಳು. ಓದಿದ ಗುರುತು ಬೀಳುತ್ತಿತ್ತು, ಉತ್ತರವಿರಲಿಲ್ಲ. ಜೀವಿತಾಳ ಸೇವೆ ಮುಗಿಯಲು ಸ್ವಲ್ಪ ದಿನವಿದ್ದಾಗ ಒಂದು ಸೋಮವಾರ ಸಿನಾಳ ಕರೆಯೇ ಬಂತು.

ಸಿನಾ, ತಾನು ಚಿಕ್ಕಮ್ಮನ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿರುವುದಾಗಿ, ಮಾತ್ರೆ ತೆಗೆದುಕೊಳ್ಳುತ್ತಿರುವುದಾಗಿ, ನಿದ್ದೆ ಬರುತ್ತಿರುವುದಾಗಿ ಹೇಳಿದಳು. ಭಾನುವಾರ ಆರಾಧನೆಗೆ ಹೋಗುತ್ತಿಲ್ಲ. ಊರಿನವರು ಏನೇನೋ ಆಡಿಕೊಂಡರು. ಅಮ್ಮ ತಿಂಗಳುಗಟ್ಟಲೆ ಸರಿಯಾಗಿ ಮಾತನಾಡಿಸಲಿಲ್ಲ, ಈಗ ಮಾತನಾಡಿಸುತ್ತಾಳೆ.

"ನನಗೆ ನಿನ್ನ ಮೇಲೆ ತುಂಬ ಸಿಟ್ಟಿತ್ತು" ಎಂದಳು. "ಕೆಲವು ದಿನ ಈಗಲೂ ಬರುತ್ತದೆ."

"ಬರಲಿ" ಎಂದಳು ಜೀವಿತಾ.

"ಅವತ್ತು ಫೋನ್ ಮಾಡುವಾಗ ನಿನಗೆ ಹೆದರಿಕೆಯಾಗಲಿಲ್ಲವಾ?"

"ಆಗಿತ್ತು. ಬೇರೆ ದಾರಿ ಕಾಣಲಿಲ್ಲ ಸಿನಾ. ಈಗಲೂ ಕಾಣುವುದಿಲ್ಲ."

ಸಿನಾ, ಅಂಗಡಿಗೆ ಗಿರಾಕಿ ಬಂದರೆಂದೂ ಇನ್ನೊಂದು ಸೋಮವಾರ ಮಾಡುತ್ತೇನೆಂದೂ ಹೇಳಿ ಫೋನ್ ಇಟ್ಟಳು. ಮಾಡುವಳೋ ಇಲ್ಲವೋ ಜೀವಿತಾಳಿಗೆ ತಿಳಿಯದು. ಅವಳು ಮುಖ ತೊಳೆದು, ಜೊತೆಗಾರ್ತಿಯನ್ನು ಕರೆದುಕೊಂಡು, ಸಾಮಾನು ತರಲು ಪೇಟೆಗೆ ಹೊರಟಳು.